ಬೇಬರ ಸಾಹೇಬನ ಚಹಾ ಸೆಟ್ಟು

2025ರ ಫೆಬ್ರವರಿ 10, ಸೋಮವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಕಾಗವಾಡ ತಾಲೂಕಿನ ಹೊಳೆಗಡ್ಡಿ ಪೊಲೀಸ್ ಠಾಣೆಗೆ ಇಬ್ಬರು ಬಂದರು. ಒಬ್ಬರು ಜುಗೂಳದ ನಬಿಸಾಬ ಅತ್ತಾರ, ವಯಸ್ಸು ಎಪ್ಪತ್ತಾರು. ಸಕ್ಕರೆ ಕಾಯಿಲೆಗೆ ಬಲಗಣ್ಣು ಪೂರ್ತಿ ಹೋಗಿತ್ತು, ಎಡಗಣ್ಣಿಗೆ ಮಸುಕು ಮಸುಕಾಗಿ ಕಾಣುತ್ತಿತ್ತು. ಅವರ ರಟ್ಟೆ ಹಿಡಿದು ನಡೆಸಿಕೊಂಡು ಬಂದವನು ಮಗ ಆಸಿಫ.

ಪಿಎಸ್ಐ ಪ್ರಾಜಕ್ತಾ ಮಗದುಮ್ ಆಗಷ್ಟೇ ಹಾಜರಿ ಮುಗಿಸಿ ಕುರ್ಚಿಯಲ್ಲಿ ಕೂತಿದ್ದಳು. ನಿಪ್ಪಾಣಿಯ ಹುಡುಗಿ. ಇಲಾಖೆಗೆ ಸೇರಿ ಆರು ವರ್ಷ, ಈ ಠಾಣೆಗೆ ಬಂದು ಏಳು ತಿಂಗಳು.

"ಏನ್ ಕಳವಾಗೇತ್ರಿ?"

"ಅಮಾನತ್, ಮೇಡಂ."

"ಅಂದ್ರ?"

"ಅಂದ್ರ ಮಂದೀದು. ಜ್ವಾಕಿಲೆ ಇಟ್ಕೋ ಅಂತ ಕೊಟ್ಟಿದ್ದು. ನಮ್ಮದಲ್ಲ."

ಅಪ್ಪನ ಮಾತು ಹಿಂಗೇ ಸುತ್ತು ಹೊಡೆಯುತ್ತದೆಂದು ಆಸಿಫ ನಡುವೆ ಬಾಯಿ ಹಾಕಿದ. "ಬೆಳ್ಳಿ ಚಹಾ ಸೆಟ್ ರೀ. ಜರ್ಮನಿದು, ಭಾಳ ಹಳೇದು. ತಾಟು, ಚಹಾ ಕಿಟ್ಲಿ, ಕಾಫಿ ಕಿಟ್ಲಿ, ಹಾಲಿನ ಗಿಂಡಿ, ಸಕ್ರಿ ಡಬ್ಬಿ. ಐದು ಸಾಮಾನು. ನಿನ್ನೆ ನಾವೆಲ್ಲಾ ಐನಾಪುರಕ್ಕ ಮದವಿಗೆ ಹೋಗಿದ್ವಿ. ಸಂಜಿಕ ಬಂದು ನೋಡಿದ್ರ ಪೆಟ್ಟಗಿ ಖಾಲಿ."

"ಕಿಮ್ಮತ್ತು ಎಷ್ಟಾಗಬಹುದು?"

ನಬಿಸಾಬರು ತಲೆ ಅಲ್ಲಾಡಿಸಿದರು. "ಮಂದಿ ಸಾಮಾನಕ್ಕ ನಾ ಹ್ಯಾಂಗ ಕಿಮ್ಮತ್ತು ಕಟ್ಟಲ್ರಿ?"

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ, ವಾಸದ ಮನೆಯೊಳಗಿನ ಕಳವು ಎಂದು, ಅಪರಾಧ ಸಂಖ್ಯೆ 31/2025ರಲ್ಲಿ ಎಫ್ಐಆರ್ ದಾಖಲಾಯಿತು. ಅನುಮಾನ ಯಾರ ಮೇಲೆ ಎಂದು ಕೇಳಿದಾಗ ಆಸಿಫ ಒಂದೇ ಹೆಸರು ಹೇಳಿದ: ಮಾಳು. ಕಾಳವ್ವನ ಮಗ, ಮನೆಗಳಿಗೆ ಬಣ್ಣ ಹಚ್ಚುವವನು. ಹೋದ ವಾರವೆಲ್ಲ ಅವರ ಮನೆಯಲ್ಲೇ ಕೆಲಸ ಮಾಡಿದ್ದ.

ಆ ಸೆಟ್ಟಿನ ಹಿಂದಿನ ಕತೆಯನ್ನು ನಬಿಸಾಬರು ಜುಗೂಳಕ್ಕೆ ಹೋಗುವ ಜೀಪಿನಲ್ಲಿ ಹೇಳಿದರು. ಅವರ ತಂದೆ ಇಮಾಮಸಾಬ ವೆಬರ್ ಎಂಬ ಜರ್ಮನ್ ಎಂಜಿನಿಯರನ ಅಡಿಗೆಯವರು. ಕೃಷ್ಣೆಯ ದಂಡೆಯಲ್ಲಿ ಏಳುತ್ತಿದ್ದ ಸಕ್ಕರೆ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಆ ಸಾಹೇಬನ ಹೆಸರು ಹಳ್ಳಿಯವರ ಬಾಯಲ್ಲಿ ಬೇಬರ ಆಗಿತ್ತು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಇಂಗ್ರೇಜರು ಸಿಕ್ಕ ಸಿಕ್ಕ ಜರ್ಮನರನ್ನು ಹಿಡಿದು ಶಿಬಿರಕ್ಕೆ ಹಾಕತೊಡಗಿದರು. ಬೇಬರ ಸಾಹೇಬನನ್ನು ಒಯ್ಯಲು ಮೋಟಾರು ಬಾಗಿಲಲ್ಲಿ ನಿಂತಿದ್ದಾಗ ಆತ ಈ ಸೆಟ್ಟನ್ನು ತೇಗಿನ ಪೆಟ್ಟಿಗೆಯ ಸಮೇತ ಇಮಾಮಸಾಬರ ಕೈಗೆ ಕೊಟ್ಟ. "ವಾಪಸ್ ಆಯೇಗಾ" ಎಂದನಂತೆ. ಆಮೇಲೆ ಅವನ ಸುದ್ದಿ ಯಾರಿಗೂ ಸಿಗಲಿಲ್ಲ.

ಇಮಾಮಸಾಬರು ಕಾಯುತ್ತ ಕೂತರು. ಸಾಹೇಬ ಯಾವತ್ತು ಬಂದರೂ ಚಹಾ ಕೊಡಬೇಕಲ್ಲ, ಅಮಾನತ್ತಿನ ಕಿಟ್ಲಿ ಬಳಸುವಂತಿಲ್ಲ. ಅದಕ್ಕೆಂದು ಮೀರಜದ ಬಜಾರದಲ್ಲಿ ಒಂದು ಹಿತ್ತಾಳೆ ಕಿಟ್ಲಿ ಕೊಂಡರು. ಅದಕ್ಕಿಂತ ಚೆಂದದ್ದು ಕಣ್ಣಿಗೆ ಬಿತ್ತು, ಅದನ್ನೂ ಕೊಂಡರು. ಹಾಗೆ ಹತ್ತಿದ ಗೀಳು ಮಗನಿಗೂ ಇಳಿಯಿತು. ಕುರುಂದವಾಡ, ಕೊಲ್ಹಾಪುರ, ಸಾಂಗಲಿ ತಿರುಗಿ ನಬಿಸಾಬರು ಕೂಡಿಸಿದ ಕಿಟ್ಲಿಗಳು ನೂರ ಅರವತ್ತು ದಾಟಿದ್ದವು. ಜುಗೂಳದಲ್ಲಿ ಅದು ಕಿಟ್ಲಿಸಾಬನ ಮನೆ ಎಂದೇ ಹೆಸರಾಗಿತ್ತು. 1986ರಲ್ಲಿ ಸಾಂಗಲಿಯ ಸರಾಫನೊಬ್ಬ ಬೇಬರ ಸಾಹೇಬನ ಸೆಟ್ಟನ್ನು ಒರೆಗೆ ಹಚ್ಚಿ ನೋಡಿ, ಅಸಲಿ ಬೆಳ್ಳಿ, ಕೇಳಿದ್ದಕ್ಕೆ ಕೊಳ್ಳುತ್ತೇನೆ ಎಂದಿದ್ದ. ನಬಿಸಾಬರು ಅವನಿಗೆ ಚಹಾ ಕುಡಿಸಿ ಕಳಿಸಿದ್ದರು.

"ಈಗ ಕಾಯೂದು ಮುಗದಿತ್ರಿ," ಎಂದರು. "ಆಸಿಫ ಮೊಬೈಲದಾಗ ಫೋಟೋ ಹಾಕಿದ್ದ. ಅದನ್ನ ನೋಡಿ ಸಾಹೇಬನ ಮರಿಮೊಮ್ಮಗಳು ಜರ್ಮನಿಯಿಂದ ಪತ್ರ ಬರದಾಳ. ಇದ ಇಪ್ಪತ್ತನೇ ತಾರೀಖಿಗೆ ಬರಾಕತ್ತಾಳ. ಅದಕ್ಕಂತನ ಮನಿಗೆ ಬಣ್ಣ ಹಚ್ಚಿಸಿದ್ದು. ಸೆಟ್ಟು ಸುರಕ್ಷಿತ ಐತಿ ಅಂತ ನಾನ ಬರೆಸಿ ಕಳಿಸೀನಿ."

ಮಧ್ಯಾಹ್ನ ಒಂದು ಗಂಟೆಗೆ ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಹವಾಲ್ದಾರ ತುಕಾರಾಮ ಬರೆಯುತ್ತಿದ್ದ, ಕಾನ್ಸ್‌ಟೇಬಲ್ ಭೀಮಸಿ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ. ಹೊಸ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಗೋಡೆಯುದ್ದ ಹಲಗೆಗಳ ಮೇಲೆ ಕಿಟ್ಲಿಗಳು ಸಾಲಾಗಿ ಕೂತಿದ್ದವು. ಒಂದೂ ಅಲ್ಲಾಡಿರಲಿಲ್ಲ. ಮೂಲೆಯ ತೇಗಿನ ಪೆಟ್ಟಿಗೆಯ ಕೀಲಿ ಒಡೆದಿರಲಿಲ್ಲ, ತೆರೆದಿತ್ತು. ಒಳಗೆ ಸಾಮಾನು ಸುತ್ತಿಡುತ್ತಿದ್ದ ಬಿಳಿ ಬಟ್ಟೆಗಳು ಮಾತ್ರ ಉಳಿದಿದ್ದವು. ಹಿತ್ತಲ ಬಾಗಿಲಿನ ಚಿಲಕ ಒಳಗಿನಿಂದ ಸರಿದಿತ್ತು.

"ಪೆಟ್ಟಗಿ ಕೀಲಿಕೈ ಎಷ್ಟು?"

"ಎರಡು. ಒಂದು ನನ್ನ ಉಡದಾರಕ್ಕ, ಒಂದು ಮನೀ ಗೊಂಚಲದಾಗ," ಎಂದರು ನಬಿಸಾಬರು.

ನಬಿಸಾಬರ ಹೆಂಡತಿ ಮೆಹರುಬಿ ಎಲ್ಲರಿಗೂ ಚಹಾ ತಂದಿಟ್ಟಳು. ಎಪ್ಪತ್ತರ ಹೆಂಗಸು, ಕಡ್ಡಿಯಂತೆ ಬಡಕಲು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಮದುವೆ ಮನೆಯಿಂದ ಮೊದಲು ಬಂದವಳು ಅವಳೇ, ಮೊಣಕಾಲು ನೋವೆಂದು ನಾಲ್ಕೂವರೆಗೆ ಆಟೋದಲ್ಲಿ. ಹಿತ್ತಲ ಬಾಗಿಲು ಆಗಲೇ ತೆರೆದಿತ್ತು ಎಂದಳು. ನಾಲ್ಕೂಕಾಲಿಗೆ ಅದು ಮುಚ್ಚಿಯೇ ಇತ್ತೆಂದು ಪಕ್ಕದ ಮನೆಯವರು ಹೇಳಿದರು. ಅಡಿಗೆಮನೆಯ ಬಾಗಿಲ ಮೇಲೆ ಕಾಲೇಜು ಹುಡುಗಿಯ ಒಂದು ಫೋಟೋ ಇತ್ತು. ಯಾರೆಂದು ಪ್ರಾಜಕ್ತಾ ಕೇಳಿದಾಗ ಆಸಿಫ ದನಿ ಇಳಿಸಿದ. "ಸಣ್ಣ ತಂಗಿ, ಫರಹೀನ. 2019ರ ಮಹಾಪೂರದಾಗ ಹೋದ್ಳು."

ಪೆಟ್ಟಿಗೆಯ ಮುಚ್ಚಳದ ಮೇಲೆ ಹೆಬ್ಬೆರಳಿನ ಗುರುತೊಂದು ಬಣ್ಣದಲ್ಲೇ ಮೂಡಿತ್ತು. ಅದು ಮಾಳುವಿನದೇ ಇರಬೇಕೆಂದು ಆಸಿಫ ಅಂದ.

ಮಂಗಳವಾರ ಬೆಳಿಗ್ಗೆ ಮಾಳುವನ್ನು ಠಾಣೆಗೆ ಕರೆಸಿದರು. ಇಪ್ಪತ್ತೆಂಟರ ಆಳು. ಉಗುರುಗಳಲ್ಲಿ ಇನ್ನೂ ಹಳದಿ ಬಣ್ಣ ಇತ್ತು.

"ಪೆಟ್ಟಗಿ ಮುಟ್ಟಿದ್ದೋ ಇಲ್ಲೊ?"

"ಮುಟ್ಟೀನ್ರಿ. ಗ್ವಾಡಿಗೆ ಬಣ್ಣ ಹಚ್ಚಬೇಕಂದ್ರ ಸರಿಸಬೇಕಲ್ರಿ."

"ಒಳಗ ಏನೈತಿ ಅಂತ ಗೊತ್ತಿತ್ತು?"

"ಇಡೀ ಊರಿಗೆ ಗೊತ್ತೈತ್ರಿ."

"ಆಯ್ತವಾರ ಸಂಜಿಮುಂದ ಎಲ್ಲಿದ್ದಿ?"

"ಉಗಾರದಾಗ. ಗಾಡಿಗೆ ಪೆಟ್ರೋಲ್ ಹಾಕಿಸಿ, ಬೀಗರ ಮನಿಗೆ ಹೋಗಿದ್ದೆ. ಮುಂದಿನ ತಿಂಗಳ ನನ್ನ ಮದವಿ ಐತ್ರಿ."

ಆ ದಿನ ಸಂಜೆ ಬಿಟ್ಟು ಬುಧವಾರ ಮತ್ತೆ ಕರೆಸಿ ಕೂಡಿಸಿದರು. ಅವನ ಮನೆ ಜಾಲಾಡಿದರು. ಉಗಾರ ಬುದ್ರುಕದ ಬೀಗರ ಮನೆಗೂ ಹೋಗಿ ಅವನು ಬಂದಿದ್ದು ನಿಜವೇ ಎಂದು ವಿಚಾರಿಸಿದರು. ಪೆಟ್ರೋಲ್ ಬಂಕಿನ ಕ್ಯಾಮೆರಾ ತೆಗೆಸಿ ನೋಡಿದಾಗ ಭಾನುವಾರ ನಾಲ್ಕು ಇಪ್ಪತ್ತಕ್ಕೆ ಅವನು ಅಲ್ಲಿದ್ದದ್ದು ಸ್ಪಷ್ಟವಿತ್ತು. ಐದೂವರೆಯ ತನಕ ಬೀಗರ ಮನೆಯಲ್ಲೇ ಇದ್ದನೆಂದು ಅವರೂ ಹೇಳಿದರು. ಹೇಳಿ, ಪೊಲೀಸರು ಬಾಗಿಲು ದಾಟುವ ಮೊದಲೇ, ಈ ಸಂಬಂಧ ನಮಗೆ ಬೇಡ ಎಂದೂ ಹೇಳಿದರು. ಪೊಲೀಸ್ ಜೀಪು ಮನೆ ಮುಂದೆ ನಿಲ್ಲಿಸಿದ ಅಳಿಯ ಅವರಿಗೆ ಬೇಕಿರಲಿಲ್ಲ.

ಬುಧವಾರ ಸಂಜೆ ಮಾಳುವನ್ನು ಕಳಿಸುವಾಗ ಪ್ರಾಜಕ್ತಾ ತಾನೇ ಗೇಟಿನ ತನಕ ಬಂದಳು. ಎರಡು ದಿನದಿಂದ ಅಲ್ಲೇ ಬೇವಿನ ಗಿಡದ ಕೆಳಗೆ ಕೂತಿದ್ದ ಕಾಳವ್ವ ಎದ್ದು ನಿಂತಳು.

"ನಿನ್ನ ಹೆಸರು ಕೇಸಿನ್ಯಾಗಿಂದ ತಗೀತೀವಿ," ಎಂದಳು ಪ್ರಾಜಕ್ತಾ.

"ಕೇಸಿನ್ಯಾಗಿಂದ ತಗೀತೀರಿ ಮೇಡಂ," ಎಂದ ಮಾಳು. "ಊರಾಗಿಂದ ಹ್ಯಾಂಗ ತಗೀತೀರಿ?"

ಮನೆಗೆ ಹೋಗಿ ಊಟಕ್ಕೆ ಕೂತರೂ ಆ ಮಾತು ಪ್ರಾಜಕ್ತಾಳನ್ನು ಬಿಡಲಿಲ್ಲ. ಆಸಿಫ ಹೆಸರು ಹೇಳಿದ, ಬೆರಳಿನ ಗುರುತು ಸಿಕ್ಕಿತು, ಹಿಡಿದು ಕೂಡಿಸಿದೆ. ನೂರ ಅರವತ್ತು ಕಿಟ್ಲಿ ಬಿಟ್ಟು ಐದೇ ಸಾಮಾನು ಒಯ್ದ ಕಳ್ಳ ಯಾರು, ಒಳಗಿನಿಂದ ಚಿಲಕ ತೆಗೆದವರು ಯಾರು ಎಂದು ಮೊದಲ ದಿನವೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಂಡಿರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ಜಪ್ತು ಮಾಡಿದ ಬಿಳಿ ಬಟ್ಟೆಗಳನ್ನು ತೆಗೆಸಿ ಮೇಜಿನ ಮೇಲೆ ಹರಡಿದಳು. ಮಡಿಕೆಗಳಲ್ಲಿ ಅಲ್ಲಲ್ಲಿ ತಿಳಿ ಹಸಿರು ಕಲೆ ಇತ್ತು. ಬಣ್ಣದ ಕಲೆ ಇರಬಹುದೆಂದು ತುಕಾರಾಮ ಅಂದ. ಮನೆಗೆ ಹಚ್ಚಿದ್ದು ಹಳದಿ. ಅವಳು ಬಟ್ಟೆಯನ್ನು ಮತ್ತೆ ಮಡಚಿ, ಭೀಮಸಿಯನ್ನು ಕರೆದುಕೊಂಡು ಐನಾಪುರದ ಒಬ್ಬ ಹಳೆಯ ಸರಾಫರ ಅಂಗಡಿಗೆ ಹೋದಳು. ಅವರು ಕನ್ನಡಕ ಏರಿಸಿ ನೋಡಿ, ಉಗುರಿನಿಂದ ಕೆರೆದು ಮೂಸಿದರು.

"ಬೆಳ್ಳಿ ಕಪ್ಪ ಆಕ್ಕೈತ್ರಿ ಮೇಡಂ. ಇಷ್ಟು ಹಸರ ಬಿಡಂಗಿಲ್ಲ. ಇದು ಜರ್ಮನ್ ಸಿಲ್ವರ್."

"ಹೌದಲ್ರಿ, ಜರ್ಮನಿದ ಅದು," ಎಂದ ಭೀಮಸಿ.

"ಅಲ್ಲೋ ತಮ್ಮಾ. ಜರ್ಮನಿ ಬೆಳ್ಳಿ ಬ್ಯಾರೆ, ಜರ್ಮನ್ ಸಿಲ್ವರ್ ಬ್ಯಾರೆ. ಇದು ತಾಮ್ರ, ನಿಕ್ಕಲ್, ಜಸ್ತ ಕೂಡಿಸಿ ಮಾಡಿದ್ದು. ಹೆಸರಿನ್ಯಾಗಷ್ಟ ಬೆಳ್ಳಿ. ಒಳಗ ಗುಂಜಿಯಷ್ಟೂ ಇರಂಗಿಲ್ಲ."

ಪ್ರಾಜಕ್ತಾ ಲೆಕ್ಕ ಹಾಕಿದಳು. 1986ರಲ್ಲಿ ಒರೆಗೆ ಹಚ್ಚಿದಾಗ ಅಸಲಿಯಾಗಿದ್ದದ್ದು ಕಳವಾಗುವ ಹೊತ್ತಿಗೆ ನಕಲಿಯಾಗಿತ್ತು. ಹಾಗಾದರೆ ಕಳವು ಭಾನುವಾರದ್ದಲ್ಲ. ಅದಕ್ಕೂ ಎಷ್ಟೋ ಮೊದಲೇ ಆಗಿತ್ತು.

"ಫೋಟೋ ನೋಡಿ ಇಂಥಾ ಸೆಟ್ಟು ಮಾಡಿಕೊಡವರು ಈ ಕಡೆ ಯಾರದಾರ್ರಿ?"

"ಹುಪರಿಗೆ ಹೋಗ್ರಿ. ಅಂಥಾ ಕೈ ಇರೂದು ಅಲ್ಲಿ ಇಬ್ಬರಿಗೋ ಮೂವರಿಗೋ."

ಫೆಬ್ರವರಿ 14, ಶುಕ್ರವಾರ. ಗಡಿಯ ಆಚೆ, ಮನೆಮನೆಯಲ್ಲೂ ಬೆಳ್ಳಿ ಬಡಿಯುವ ಆ ಊರಿನಲ್ಲಿ ಆಸಿಫ ಕೊಟ್ಟ ಫೋಟೋ ಹಿಡಿದು ಮೂರನೆಯ ಓಣಿಗೆ ಹೊಕ್ಕಾಗ ಹನ್ನೊಂದು ಕಾಲು. ಜ್ಞಾನದೇವ ಎಂಬ ಅರವತ್ತರ ಕುಶಲಕರ್ಮಿ ಫೋಟೋ ನೋಡಿದ ಕೂಡಲೇ ನಕ್ಕ. "ಹೇ ಮೀಚ್ ಕೇಲಂ," ಎಂದು, ಎದುರಿಗಿದ್ದವರು ಕನ್ನಡದವರೆಂದು ನೆನಪಾಗಿ ಮಾತು ಹೊರಳಿಸಿದ. "ಇದನ್ನ ನಾನ ಮಾಡೀನ್ರಿ. ನನ್ನ ಹಂತ್ಯಾಕೂ ಇದ ಫೋಟೋ ಐತಿ." ಹಳೆಯ ಡಬ್ಬಿಯಿಂದ ಮದುವೆ ಆಲ್ಬಮ್ಮಿನ ಫೋಟೋ ಒಂದನ್ನು ತೆಗೆದು ಕೊಟ್ಟ. ಹಿಂದೆ ಪೆನ್ನಿನಲ್ಲಿ ಒಂದು ಮೊಬೈಲ್ ಸಂಖ್ಯೆ ಇತ್ತು.

"ಯಾವಾಗ ಮಾಡಿಸಿದ್ರು?"

"ಮಹಾಪೂರದ ವರ್ಷ. ಗಣಪತಿ ಹಬ್ಬಕ್ಕ ಹದಿನೈದ ದಿನ ಇತ್ತು. ಬಸ್ಸು ಆಗಷ್ಟ ಚಾಲೂ ಆಗಿದ್ವು."

"ಬಂದವರು ಯಾರು?"

"ಒಬ್ಬಾಕಿ ಆಜಿ. ಬುರಖಾ ಹಾಕಿದ್ಳು. ಬೆಳ್ಳಿಲೆ ಮಾಡ್ಲ್ಯಾ ಅಂದೆ. ಜರ್ಮನ್ ಸಿಲ್ವರಲೆ ಮಾಡು, ಹತ್ತ ದಿನದಾಗ ಕೊಡು ಅಂದ್ಳು. ತಳದಾಗ ಅರ್ಧ ಚಂದ್ರ, ಕಿರೀಟ, ಮತ್ತೇನೋ ಅಂಕಿ ಛಾಪ ಇರಬೇಕಂದ್ಳು. ಫೋಟೋದಾಗ ತಳ ಕಾಣಂಗಿಲ್ರಿ, ಅದನ್ನ ಬಿಟ್ಟ ಮಾಡಿದೆ."

"ಅಳಾಕತ್ತಿದ್ಳೇನು?"

"ಇಲ್ರಿ." ಜ್ಞಾನದೇವ ಯೋಚಿಸಿದ. "ಅತ್ತಿದ್ರ ಚಲೋ ಇತ್ತು. ನಾ ಅಳತಿ ತಗೊಳ್ಳೂ ತನಕ ಈ ಮೂಲ್ಯಾಗ ಕೂತಿದ್ಳು. ನೀರ ಕೊಟ್ರೂ ಕುಡೀಲಿಲ್ಲ."

ಫೋಟೋದ ಹಿಂದಿನ ಸಂಖ್ಯೆಯನ್ನು ಪ್ರಾಜಕ್ತಾ ತನ್ನ ಸಾಕ್ಷಿದಾರರ ಪಟ್ಟಿಯೊಂದಿಗೆ ಹೋಲಿಸಿದಳು. ಅದು ಮೆಹರುಬಿಯದು.

ವಾಪಸು ಬರುವಾಗ ಜೀಪಿನಲ್ಲಿ ತುಕಾರಾಮ ಕೇಸು ಮುಗಿಯಿತೆಂಬ ಖುಷಿಯಲ್ಲಿದ್ದ. "ಮುದುಕಿ ಅಸಲಿ ಮಾರಿಕೊಂಡು ನಕಲಿ ಇಟ್ಟಾಳ. ಜರ್ಮನ್ ಬಾಯಿ ಬಂದು ತಳಾ ನೋಡಿದ್ರ ಛಾಪ ಇರಂಗಿಲ್ಲ, ಬಣ್ಣ ಬಯಲಾಕ್ಕೈತಿ. ಅದಕ್ಕ ತಾನ ಕದ್ದಾಳ."

ಪ್ರಾಜಕ್ತಾಳಿಗೆ ಅದು ಹೊಂದಿಕೆಯಾಗಲಿಲ್ಲ. ಆಸಿಫ ಹೇಳಿಕೆಯಲ್ಲಿ ತಿಳಿಸಿದ್ದಂತೆ, 2019ರ ಆಗಸ್ಟಿನಲ್ಲಿ ಜುಗೂಳ ವಾರಗಟ್ಟಲೆ ನೀರಿನಲ್ಲಿತ್ತು. ನಬಿಸಾಬರು ಅಣ್ಣನ ಜೊತೆ ಹಜ್ ಯಾತ್ರೆಯಲ್ಲಿದ್ದರು. ಆಸಿಫ ಸಾಂಗಲಿಯ ಕೆಲಸದ ಜಾಗದಲ್ಲಿ ಪ್ರವಾಹಕ್ಕೆ ಸಿಕ್ಕಿಕೊಂಡಿದ್ದ. ಮಗಳು ಸತ್ತು ಹತ್ತು ದಿನ. ಅಂಥ ಹೊತ್ತಿನಲ್ಲಿ ಯಾವ ತಾಯಿ ಬೆಳ್ಳಿ ಮಾರಲು ಗಿರಾಕಿ ಹುಡುಕುತ್ತಾಳೆ?

"ಅವರನ್ನ ಆವತ್ತು ಊರಿಂದ ಹೊರಗ ತಂದವರು ಯಾರು?" ಎಂದು ಕೇಳಿದಳು.

"ಅಂಬಿಗರ ಧರೆಪ್ಪ. ಆ ಓಣಿಯವರನ್ನೆಲ್ಲಾ ಅವನ ದಾಟಿಸಿದ್ದು."

ಶನಿವಾರ ಬೆಳಿಗ್ಗೆ ಎಂಟಕ್ಕೆ ಧರೆಪ್ಪ ಜುಗೂಳದ ಹೊಳೆ ದಂಡೆಯಲ್ಲಿ ಸಿಕ್ಕ. ದೋಣಿ ಕವುಚಿ ಹಾಕಿ ಡಾಂಬರು ಬಳಿಯುತ್ತಿದ್ದ. ಪ್ರಾಜಕ್ತಾ ಕಾನ್ಸ್‌ಟೇಬಲ್‌ಗಳನ್ನು ಜೀಪಿನಲ್ಲೇ ಬಿಟ್ಟು ಒಬ್ಬಳೇ ಇಳಿದು ಹೋಗಿದ್ದಳು. ಫರಹೀನಳ ಹೆಸರು ಕೇಳಿದಾಗ ಅವನು ಕೈಯಲ್ಲಿದ್ದ ಕುಂಚವನ್ನು ಡಬ್ಬಿಯಲ್ಲಿ ಇಟ್ಟ.

"ಐದ ವರ್ಷ ಆತ್ರಿ. ಯಾರ ಮುಂದೂ ಹೇಳಿಲ್ಲ. ಮೆಹರುಬಿ ಆಯಿ ಆಣಿ ಹಾಕಿಸ್ಯಾಳ."

"ಮಾಳೂನ ಮದವಿ ಮುರದೈತಿ, ಗೊತ್ತೇನು?"

ಧರೆಪ್ಪ ಹೊಳೆಯ ಕಡೆ ನೋಡುತ್ತ ನಿಂತ. ಅತ್ತಲೇ ಮುಖ ಮಾಡಿ ಹೇಳಿದ. "ಆಗಸ್ಟ್ ಏಳು. ಕಡೀ ಖೇಪು. ದೋಣಿಯಾಗ ತಾಯಿ, ಮಗಳು, ನಾನು, ಮೂರ ಮಂದಿ. ಆಯಿ ತೊಡಿ ಮ್ಯಾಲ ಒಂದು ಗಂಟು. ಪೆಟ್ಟಗಿ ವಜ್ಜಿ ಆಕ್ಕೈತಿ ಅಂತ ಸಾಮಾನಷ್ಟ ಚಾದರದಾಗ ಕಟ್ಟಿದ್ಳು. ಎರಡೂ ಕೈಲೆ ಅಪ್ಪಿಕೊಂಡು ಕುಂತಿದ್ಳು. ಲೈಟಿನ ಕಂಬದ ಹಂತ್ಯಾಕ ಸೆಳವು ಬಡೀತು. ದೋಣಿ ವಾಲ್ತು. ಹುಡುಗಿ ನೀರಾಗ ಬಿದ್ಳು. ಬಿದ್ರೂ ಒಂದ ಕೈಲೆ ದೋಣಿ ಅಂಚು ಹಿಡದಿದ್ಳು. ಇನ್ನೊಂದು ಕೈ ಚಾಚಿ ‘ಅಮ್ಮೀ’ ಅಂದ್ಳು."

"ಮುಂದ?"

"ಆಯಿ ಗಂಟು ಬಿಟ್ಟು ಕೈ ಕೊಡೂದ್ರಾಗ ಹುಡುಗಿ ಇರಲಿಲ್ಲ."

"ಎಷ್ಟ ಹೊತ್ತು ಆಗಿರಬೇಕು?"

"ಕಣ್ಣ ಮುಚ್ಚಿ ತಗೀರಿ. ಅಷ್ಟ." ಅವನು ಮೂಗು ಒರೆಸಿಕೊಂಡ. "ಆಮ್ಯಾಲ ಆಯಿ ಎದ್ದ ನಿಂತು ಆ ಗಂಟನ್ನ ಎತ್ತಿ ಹೊಳಿಗೆ ಒಗದ್ಳು. ತಾನೂ ಜಿಗೀಲಿಕ್ಕೆ ಹೋದ್ಳು. ನಾ ಸೆರಗು ಹಿಡದು ಕೆಡವಿದೆ. ಹಿಡೀಬಾರದಿತ್ತೋ ಏನೋ ಅಂತ ಒಮ್ಮೊಮ್ಮೆ ಅನಸ್ತೈತ್ರಿ."

ಮಧ್ಯಾಹ್ನ ಒಂದೂಕಾಲಿಗೆ ಪ್ರಾಜಕ್ತಾ ಮಹಿಳಾ ಪೇದೆಯೊಬ್ಬಳನ್ನು ಬಾಗಿಲಲ್ಲಿ ನಿಲ್ಲಿಸಿ ನಬಿಸಾಬರ ಅಡಿಗೆಮನೆಗೆ ಹೋದಳು. ನಬಿಸಾಬರು ಮಗನ ಜೊತೆ ನಮಾಜಿಗೆ ಹೋಗಿದ್ದರು. ಮೆಹರುಬಿ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ಚಾಚಿ, ಹುಪರಿ ಜ್ಞಾನದೇವ ಗೊತ್ತೇನ್ರಿ?"

ಮೆಹರುಬಿ ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಬೇಯಿಸಿ, ತೆಗೆದು ಬುಟ್ಟಿಗೆ ಹಾಕಿ ಒಲೆ ಆರಿಸಿದಳು. "ಹಿತ್ತಲಾಗ ಕುಳ್ಳಿನ ಬಣವಿ ಐತಿ. ಅದರೊಳಗ ಅದಾವ, ಐದೂ," ಎಂದಳು.

ಹತ್ತು ಪ್ರಶ್ನೆ ಕೇಳಬೇಕಾದೀತೆಂದು ಸಿದ್ಧಳಾಗಿ ಬಂದಿದ್ದ ಪ್ರಾಜಕ್ತಾ ಕೊನೆಯದನ್ನೇ ಮೊದಲು ಕೇಳಿದಳು.

"ಮಾಳೂನ್ನ ಎರಡ ದಿನ ಕೂಡಿಸಿದ್ವಿ. ಯಾಕ ಸುಮ್ಮನಿದ್ರಿ?"

"ಇವತ್ತ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಕುಂತೆ. ಕಾಳವ್ವ ನಿಮ್ಮ ಗೇಟಿನ್ಯಾಗ ಕುಂತಿದ್ದು ಗೊತ್ತಿತ್ತು. ಬಾಯಿ ಬರಲಿಲ್ಲ. ಆ ಹುಡುಗನ ಪಾಪ ನಂದು. ಅದಕ್ಕ ಏನ್ ಶಿಕ್ಷಾ ಐತಿ, ಕೊಡ್ರಿ."

"ಅಸಲಿ ಸೆಟ್ಟು?"

"ಮಾರಿದೆ."

"ಚಾಚಿ. ಧರೆಪ್ಪ ನನಗ ಹೇಳ್ಯಾನ."

ಮೆಹರುಬಿ ಒಲೆಯ ಕಟ್ಟೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತಳು. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು.

"ಹಜ್ಜಿಗೆ ಇಬ್ಬರೂ ಹೋಗೂದಿತ್ತು. ಫರಹೀನ ಒಬ್ಬಾಕೀನ ಆಕ್ಕಾಳ ಅಂತ ನಾ ಉಳಿದೆ. ಹೋಗೂ ದಿನ ಇವರು ಬಾಗಲದಾಗ ನಿಂತು, ‘ಜೀವ ಹೋದ್ರೂ ಅಮಾನತ್ ಬಿಡಬ್ಯಾಡ’ ಅಂದ್ರು. ಮಂದಿ ಅಂತಾರಲ್ಲ, ಹಂಗ ಅಂದಿದ್ದು. ನೀರ ಬಂದಾಗ ಅದ ಮಾತು ನನ್ನ ತಲ್ಯಾಗ ಕುಂತಿತ್ತು." ಹಿಟ್ಟಿನ ಪರಾತವನ್ನು ಪಕ್ಕಕ್ಕೆ ಸರಿಸಿದಳು. "ಮೂರ ದಿನದ ಮ್ಯಾಲ ಉಗಾರದ ಹಂತ್ಯಾಕ ಸಿಕ್ಕಳು. ನಮ್ಮೂರ ಖಬರಸ್ತಾನ ನೀರಾಗ ಇತ್ತು, ಐನಾಪುರದಾಗ ಮಣ್ಣ ಮಾಡಿದ್ವಿ. ಮಕ್ಕಾದಿಂದ ಇವರು ಫೋನ್ ಮಾಡಿ ಅತ್ರು. ಒಂದ ವಾರ ಬಿಟ್ಟು ಮತ್ತ ಮಾಡಿದ್ರು. ಅದೂ ಇದೂ ಮಾತಾಡಿ, ‘ಸೆಟ್ಟು?’ ಅಂದ್ರು. ‘ಐತಿ’ ಅಂದೆ."

"ಹೊಳೀಗೆ ಹೋತು ಅಂದಿದ್ರ ನಂಬತಿದ್ರಲ್ಲ."

"ಹ್ಯಾಂಗ ಹೋತು ಅಂತ ಕೇಳ್ತಿದ್ರು. ಯಾರ ಕೈಯಾಗಿತ್ತು ಅಂತ ಕೇಳ್ತಿದ್ರು. ನನಗ ಸುಳ್ಳ ಹೇಳಾಕ ಬರಂಗಿಲ್ಲ ಬೇಟಾ, ಒಂದ ಶಬ್ದಕ್ಕಿಂತ ಜಾಸ್ತಿ ಬರಂಗಿಲ್ಲ." ಅವಳು ಪ್ರಾಜಕ್ತಾಳ ಕೈ ಹಿಡಿದಳು. ಹಿಡಿತ ಗಟ್ಟಿಯಿತ್ತು. "ನನ್ನ ಕಳ್ಳಿ ಅಂತ ಬರೀರಿ. ಮಾರಿಕೊಂಡ್ಳು ಅಂತ ಬರೀರಿ. ತಮ್ಮ ಮಾತ ಮಗಳನ್ನ ತಿಂತು ಅಂತ ಅವರಿಗೆ ಗೊತ್ತಾಗಬಾರದು. ನಾ ಹ್ಯಾಂಗೋ ತಡಕೊಂಡೀನಿ. ಅವರು ತಡಕೊಳ್ಳಂಗಿಲ್ಲ."

ಎರಡು ಗಂಟೆಗೆ ಪಂಚರ ಎದುರು ಬಣವಿ ಬಿಚ್ಚಿಸಿದರು. ಹಳೆಯ ಲುಂಗಿಯಲ್ಲಿ ಸುತ್ತಿದ ಐದು ಸಾಮಾನುಗಳು ಹೊರಗೆ ಬಂದವು. ಐನಾಪುರದ ಸರಾಫರು ಒಂದೊಂದನ್ನೇ ಒರೆಗೆ ಹಚ್ಚಿ, ಬೆಳ್ಳಿಯಲ್ಲ, ತಳದಲ್ಲಿ ಯಾವ ಮುದ್ರೆಯೂ ಇಲ್ಲ ಎಂದು ಬರೆಸಿದರು. ಅಷ್ಟರಲ್ಲಿ ನಬಿಸಾಬರು ಮಸೀದಿಯಿಂದ ಬಂದಿದ್ದರು. ಕಣ್ಣಿಗೆ ಕಾಣದ್ದನ್ನು ಕಿವಿಯಿಂದ ಕೇಳುತ್ತ ಹಿತ್ತಲ ಬಾಗಿಲಲ್ಲಿ ನಿಂತಿದ್ದರು.

"ಚಂದ್ರನ ಗುರ್ತ ಇಲ್ಲ?"

"ಇಲ್ರಿ ಸಾಬ್ರ."

ಅವರು ಹೆಂಡತಿ ಎಲ್ಲಿದ್ದಾಳೆಂದು ಮುಖ ಹೊರಳಿಸಿ ಹುಡುಕಿದರು. "ಅಸಲಿ ಎಲ್ಲೈತಿ?"

"ಮಾರಿದೆ," ಎಂದಳು ಮೆಹರುಬಿ.

"ಯಾವಾಗ?"

"ಮಹಾಪೂರ ಇಳದ ಮ್ಯಾಲ. ಊರೂರು ತಿರಗಾಂವ ಒಬ್ಬ ಬಂದಿದ್ದ."

"ಫರಹೀನ ಸತ್ತ ತಿಂಗಳದಾಗ?"

"ಹೂಂ."

ಆಸಿಫ ತಾಯಿಯ ಮೇಲೆ ಕೂಗಾಡತೊಡಗಿದ. ನಬಿಸಾಬರು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. ಪ್ರಾಜಕ್ತಾ ಬಾಯಿ ತೆರೆದಳು. ಪಂಚನಾಮೆಯ ಹಾಳೆಗಳ ಆಚೆಯಿಂದ ಮೆಹರುಬಿ ಅವಳನ್ನೇ ನೋಡುತ್ತಿದ್ದಳು. ಪ್ರಾಜಕ್ತಾ ಬಾಯಿ ಮುಚ್ಚಿದಳು.

"ಮನಿಯೊಳಗಿನ ಮಾತು ಸಾಬ್ರ," ಎಂದ ತುಕಾರಾಮ. "ನೀವು ಹೂಂ ಅಂದ್ರ ಮೇಲಿನವರ ಹಂತ್ಯಾಕ ಕೇಳಿ ನೋಡಬಹುದು."

"ಬ್ಯಾಡ. ಬಡವರ ಮಗ ಎರಡ ದಿನ ನಿಮ್ಮ ಠಾಣೆಯಾಗ ಕುಂತಾನ, ನಾ ಕೊಟ್ಟ ಕಂಪ್ಲೇಟಿಗೆ. ಕಾಯ್ದೆ ಹ್ಯಾಂಗೈತಿ ಹಂಗ ಮಾಡ್ರಿ." ಆಮೇಲೆ, ಯಾರ ಕಡೆಗೂ ನೋಡದೆ, "ಒಯ್ರಿ ಈಕೀನ್ನ," ಎಂದರು.

ಫೆಬ್ರವರಿ 15ರ ಸಂಜೆ ನಾಲ್ಕು ಹತ್ತಕ್ಕೆ ಮೆಹರುಬಿ ನಬಿಸಾಬ ಅತ್ತಾರಳನ್ನು ದಸ್ತಗಿರಿ ಮಾಡಲಾಯಿತು. ಜೀಪು ಕಾಳವ್ವನ ಮನೆ ಮುಂದೆ ಹಾಯುವಾಗ ಮೆಹರುಬಿ ನಿಲ್ಲಿಸಿರೆಂದು ಕೇಳಿದಳು. ಮಾಳು ಬಾಗಿಲಿಗೆ ಬಂದು ಯಾರೆಂದು ನೋಡಿದ. ಮುದುಕಿ ಕೈ ಮುಗಿದಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅಥಣಿಯ ನ್ಯಾಯಾಲಯ ಆರು ದಿನಕ್ಕೆ ಜಾಮೀನು ಕೊಟ್ಟಿತು. ಜಾಮೀನಿಗೆ ನಿಂತವರು ಐನಾಪುರದ ಹಿರಿಯ ಮಗಳು ಮೆಹೆಕ ಮತ್ತು ಅವಳ ಗಂಡ. ಮೆಹರುಬಿ ಅವರ ಮನೆಗೇ ಹೋದಳು, ಜುಗೂಳಕ್ಕೆ ಮರಳಲಿಲ್ಲ. ಇಪ್ಪತ್ತನೆಯ ತಾರೀಖು ಜರ್ಮನಿಯಿಂದ ಬಂದ ಹೆಣ್ಣುಮಗಳು ಕಿಟ್ಲಿಸಾಬನ ಮನೆ ಮುಂದೆ ಅರ್ಧ ಗಂಟೆ ನಿಂತಿದ್ದು ಹೋದಳಂತೆ. ನಬಿಸಾಬರು ಮುಖ ತೋರಿಸಲು ಒಪ್ಪಲಿಲ್ಲ.

ಏಪ್ರಿಲ್ 4ರಂದು ಪ್ರಾಜಕ್ತಾ ದೋಷಾರೋಪ ಪತ್ರಕ್ಕೆ ಸಹಿ ಹಾಕಿದಳು. ಆರೋಪಿತಳು ಮೂಲ ಸೆಟ್ಟನ್ನು ಅಪರಿಚಿತ ವ್ಯಕ್ತಿಗೆ ಮಾರಿದ್ದು ಹೊರಬೀಳುವ ಅಂಜಿಕೆಯಿಂದ ನಕಲಿಯನ್ನು ಕದ್ದು ಬಚ್ಚಿಟ್ಟಳೆಂದು ಅದರಲ್ಲಿತ್ತು. ಧರೆಪ್ಪನ ಹೆಸರು ಸಾಕ್ಷಿದಾರರ ಪಟ್ಟಿಯಲ್ಲಿ ಇರಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಗೊತ್ತಿದ್ದೂ ಸುಳ್ಳಿಗೆ ಅವಳು ಸಹಿ ಹಾಕಿದ್ದು ಅದೇ ಮೊದಲು. ಮೆಹರುಬಿಯ ಕೈಯನ್ನು ಕ್ಷಣಮಾತ್ರ ತಡಮಾಡಿಸಿದ್ದು ದುರಾಸೆಯಲ್ಲ, ಗಂಡ ಬಾಗಿಲಲ್ಲಿ ಆಡಿಹೋದ ಮಾತು ಎಂಬುದು ಯಾವ ಕಾಗದಕ್ಕೂ ಬರಲಿಲ್ಲ.

ಮರುವಾರ ನಬಿಸಾಬರು ಒಬ್ಬರೇ, ಕೋಲಿನಿಂದ ದಾರಿ ತಡವುತ್ತ, ಠಾಣೆಗೆ ಬಂದರು. ಪ್ರಾಜಕ್ತಾ ಎದ್ದು ಕುರ್ಚಿ ಸರಿಸಿ ಕೂಡಿಸಿದಳು. ಊಟ ಆಯಿತೇ, ಗುಳಿಗೆ ಯಾರು ಕೊಡುತ್ತಾರೆ ಎಂದು ಕೇಳಿದಳು.

"ಆ ಕೊಂಡಾಂವ ಸಿಕ್ಕಾನೇನ್ರಿ ಮೇಡಂ?"

"ಇಲ್ರಿ."

"ಎಲ್ಲೋ ಇರ್ತೈತ್ರಿ ಅದು. ಬೆಳ್ಳಿ ಎಲ್ಲಿ ಹೋಗ್ತೈತಿ? ಕರಗಿಸಿರಂಗಿಲ್ಲ, ಅಷ್ಟ ಚೆಂದನ ಸಾಮಾನು ಯಾರ ಕರಗಸ್ತಾರ?" ಅವರು ಬೆಳಕಿಲ್ಲದ ಕಣ್ಣನ್ನು ಅವಳ ದನಿ ಬಂದ ಕಡೆಗೆ ಎತ್ತಿದರು. "ನಾ ಸಾಯೂದ್ರಾಗ ಹುಡಕ್ರಿ. ಮಂದೀದು ಮಂದಿಗೆ ಮುಟ್ಟಿಸಿ ಹೋಗ್ತೀನಿ."

"ಹುಡುಕ್ತೀವ್ರಿ," ಎಂದಳು ಪ್ರಾಜಕ್ತಾ.

ಅವರು ಸಮಾಧಾನದಿಂದ ತಲೆಯಾಡಿಸಿ ಎದ್ದರು. ಬರುವ ಸೋಮವಾರ ಮತ್ತೆ ಬಂದು ಕೇಳುತ್ತೇನೆ ಎಂದರು. ಹಾಗೆಯೇ ಬಂದರು. ಅದರ ಮುಂದಿನ ಸೋಮವಾರವೂ ಬಂದರು.